ಆಕಾಶದ ಗಡಿಗೆಯ ಯಜಮಾನರನ್ನು ಹುಡುಕಿಕೊಂಡು ಹೆಲ್ಸಿಂಕಿಗೆ

ತೋಟದಲ್ಲಿ, ಹೊರಡುವ ಮುನ್ನ

ವಿದೇಶಕ್ಕೆ ಹೋಗಿ ಬಂದವರೆಲ್ಲ ಹಿಮ ನೋಡಿದೆವು, ಅರಮನೆ ನೋಡಿದೆವು, ರಸ್ತೆಯಲ್ಲಿ ಒಂದು ಕಸದ ಚೂರಿಲ್ಲ ಎಂದು ಬರೆಯುತ್ತಾರೆ. ನನ್ನ ಹತ್ತಿರ ಅಂಥ ವೈಭವವೇನೂ ಇಲ್ಲ. ನಾನು ಫಿನ್ಲೆಂಡ್ ದೇಶದ ಹೆಲ್ಸಿಂಕಿಗೆ ಹೋದದ್ದು ನಮ್ಮ ತೋಟದ ಒಂದು ತೆಂಗಿನ ಮರದ ಕೊನೆಯ ಗೊನೆಯನ್ನು ಕೆಳಗಿಳಿಸಲು ಅಪ್ಪಣೆ ತರುವುದಕ್ಕೆ. ತಿಪಟೂರು ಸೀಮೆಯ ಬಿಳಿಗೆರೆ ಪಕ್ಕದ ನಮ್ಮದೇ ತೋಟದ ಕಾಯಿ ಕೀಳಲು ಕಡಲಾಚೆ ಹೋಗಿ ಕೇಳಬೇಕಾದ ಕಾಲ ಬರುತ್ತದೆಂದು ಹಿರಿಯರು ಯಾರೂ ಹೇಳಿರಲಿಲ್ಲ.

ನಡೆದದ್ದು ಇಷ್ಟು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ತೋಟದ ಕಡೆಯಿಂದ ಸಿಡಿಲು ಹೊಡೆದಂಥ ಸದ್ದು ಬಂತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ನೋಡಿದರೆ ನಮ್ಮ ತಾಯಿಮರದ ಸುಳಿ ಮುರಿದು ನೇತಾಡುತ್ತಿತ್ತು. ಬುಡದಲ್ಲಿ ಮಸಿ ಹಿಡಿದ ಒಂದು ಲೋಹದ ಗಡಿಗೆ ಅರ್ಧ ಮಣ್ಣಿನಲ್ಲಿ ಹೂತು ಕೂತಿತ್ತು. ಚೆಂಡಿನ ಹಾಗೆ ಗುಂಡಗೆ, ಒಂದು ಪಕ್ಕ ಮಾತ್ರ ಹರಿದು ಬಾಯಿ ಬಿಟ್ಟಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಇದು ಉಪಗ್ರಹವನ್ನು ಹೊತ್ತೊಯ್ಯುವ ರಾಕೆಟ್ಟಿನದೋ, ಉಪಗ್ರಹದ್ದೋ ಸಾಮಾನು ಎಂದು ನನಗೆ ಆಗಲೇ ಅನ್ನಿಸಿತು. ಅಷ್ಟು ದೊಡ್ಡ ಆಕಾಶದಿಂದ ಬಿದ್ದು, ತೋಟದ ಅಷ್ಟೂ ಮರಗಳಲ್ಲಿ ಇದೇ ಬೇಕಾಗಿತ್ತೇ ಎಂದು ಹೊಟ್ಟೆ ಉರಿಯಿತು.

ತಾಯಿಮರವೆಂದರೆ ಬಿತ್ತನೆ ಕಾಯಿಯ ಮರ. ನಮ್ಮ ತೋಟದ ಅರ್ಧ ಮರಗಳು ಅದರ ಮಕ್ಕಳು. ಹಾಲ್ಕುರಿಕೆಯಿಂದ, ಆ ಕಡೆ ಮಾಯಸಂದ್ರದಿಂದ ಕೂಡ ಜನ ಬಂದು ಅದರ ಕಾಯಿ ಕೇಳಿ ಒಯ್ದಿದ್ದಾರೆ. ತೆಂಗಿಗೆ ಸುಳಿ ಹೋದರೆ ಮುಗಿಯಿತು, ಹೊಸ ಗರಿ ಹುಟ್ಟುವುದೇ ಅಲ್ಲಿಂದ. ಇರುವ ಗರಿಗಳು ಒಂದೊಂದಾಗಿ ಕೆಂಪಾಗಿ ಉದುರುವ ತನಕ ಮರ ಉಸಿರು ಹಿಡಿದಿರುತ್ತದೆ, ಅಷ್ಟೇ. ನಮ್ಮ ಅತ್ತೆ ಸಿದ್ದಮ್ಮ ತಲೆಯೆತ್ತಿ ನೋಡಿ, ಬಲಿಯುತ್ತಿದ್ದ ಒಂದು ಗೊನೆ ಇನ್ನೂ ಗಟ್ಟಿಯಾಗಿ ಕೂತಿರುವುದನ್ನು ಕಂಡರು. ಅದು ಬೇಸಿಗೆಗೆ ಬಿತ್ತನೆಗೆ ಬರುತ್ತದೆ, ಅದನ್ನು ಉಳಿಸಿಕೊಂಡರೆ ಮರದ ವಂಶ ಉಳಿದ ಹಾಗೆ ಎಂದು ಅಲ್ಲೇ ತೀರ್ಮಾನ ಮಾಡಿದರು. ಅತ್ತೆ ಮದುವೆಯಾಗಿ ಬಂದ ವರ್ಷ ಆ ಮರ ಮೊದಲ ಹೊಂಬಾಳೆ ಬಿಟ್ಟಿತ್ತಂತೆ.

ಆಮೇಲೆ ಅವರು ಮಾಡಿದ ಕೆಲಸವನ್ನು ಭೂಮಿಯ ಮೇಲೆ ಬೇರೆ ಯಾರೂ ಮಾಡಲಾರರು. ನಾನು ಯಾರಿಗೆ ಫೋನ್ ಮಾಡಬೇಕೆಂದು ಒದ್ದಾಡುತ್ತಿರುವಾಗ ಅವರು ಆ ಗಡಿಗೆಯನ್ನು ಕೀಳಿಸಿ, ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಾಕಿ, ಕೂತು ಗಸಗಸನೆ ತಿಕ್ಕಿ ಫಳಫಳ ಹೊಳೆಯುವಂತೆ ಬೆಳಗಿಟ್ಟರು.

"ಅತ್ತೆ, ಅದನ್ಯಾಕೆ ಮುಟ್ಟಿದ್ರಿ?" ಎಂದು ಕಿರುಚಿದೆ.

"ಯಾರ್ದೋ ಏನೋ ಕಣವ್ವ. ಕೇಳ್ಕಂಡು ಬಂದೇ ಬತ್ತಾರೆ. ಇನ್ನೊಬ್ರ ಪಾತ್ರೆ ಮಸಿ ಬಳ್ಕಂಡಂಗೇ ಕೊಡಕಾಯ್ತದಾ?"

ನಮ್ಮ ಕಡೆ ಪದ್ಧತಿ ಹಾಗೇ. ಪಕ್ಕದ ಮನೆಯ ಪಾತ್ರೆ ನಮ್ಮಲ್ಲಿ ಉಳಿದರೆ ತೊಳೆದೇ ಕೊಡಬೇಕು, ಖಾಲಿಯಾಗಿಯೂ ಕೊಡಬಾರದು, ಒಂದಚ್ಚು ಬೆಲ್ಲವನ್ನಾದರೂ ಹಾಕಿ ಕೊಡಬೇಕು. ಒಳ್ಳೆಯ ಪದ್ಧತಿಯೇ. ಆದರೆ ಮಧ್ಯಾಹ್ನ ತಾಲ್ಲೂಕು ಕಚೇರಿಯಿಂದ ಜೀಪಿನಲ್ಲಿ ಬಂದ ಸಾಹೇಬರು ಗಡಿಗೆಯನ್ನು ಸುತ್ತಲೂ ನೋಡಿ ಕೇಳಿದ ಮೊದಲ ಮಾತೇ, "ಇದರ ಮೇಲೆ ನಂಬರ್ ಇರಬೇಕಿತ್ತಲ್ಲ ಮೇಡಂ?" ಎಂದು. ನಂಬರು ಹುಣಸೆಹಣ್ಣಿನ ಜೊತೆ ಬಚ್ಚಲಿಗೆ ಹೋಗಿತ್ತು.

ಸಾಹೇಬರು ಮರದ ಸುತ್ತ ಹಳದಿ ಟೇಪು ಕಟ್ಟಿಸಿದರು. ಮೇಲಿಂದ ಬಿದ್ದ ವಸ್ತು ಯಾವ ದೇಶ ಹಾರಿಸಿತೋ ಆ ದೇಶದ ಸ್ವತ್ತಂತೆ. ಒಳಗೆ ವಿಷದ ಇಂಧನ ಉಳಿದಿರಬಹುದಂತೆ. ಯಾರದ್ದೆಂದು ಗೊತ್ತಾಗಬೇಕು, ಇಲ್ಲವೇ ವಿಷವಿಲ್ಲವೆಂದು ತಯಾರಿಸಿದವರೇ ಹೇಳಬೇಕು. ಅಲ್ಲಿಯವರೆಗೆ ಟೇಪಿನೊಳಗೆ ಕಾಲಿಡುವಂತಿಲ್ಲ, ಕಾಯಿ ಮುಟ್ಟುವಂತಿಲ್ಲ. ಅತ್ತೆಯ ಕೈಗೇನಾದರೂ ಆದೀತೆಂದು ನಾನು ವಾರಗಟ್ಟಲೆ ಹೆದರಿದೆ. ಅತ್ತೆಗೆ ನೆಗಡಿಯೂ ಬರಲಿಲ್ಲ.

ಯುಗಾದಿ ಹೋಯಿತು. ಗರಿಗಳು ಜೋತುಬೀಳತೊಡಗಿದವು. ಬಿತ್ತನೆ ಕಾಯಿಯನ್ನು ಎತ್ತರದ ಮರದಿಂದ ಕೆಡವುವುದಿಲ್ಲ, ಒಳಗೆ ಪೆಟ್ಟಾದರೆ ಮೊಳೆಯುವುದಿಲ್ಲ. ಆಳು ಹತ್ತಿ, ಗೊನೆಗೆ ಹಗ್ಗ ಕಟ್ಟಿ, ಮಗುವನ್ನು ಇಳಿಸಿದ ಹಾಗೆ ಇಳಿಸಬೇಕು. ಮರ ಪೂರ್ತಿ ಒಣಗಿದರೆ ಯಾವ ಆಳೂ ಹತ್ತುವುದಿಲ್ಲ. ಸಾಹೇಬರಿಗೆ ಫೋನ್ ಮಾಡಿದಾಗೆಲ್ಲ "ಎಲ್ಲ ದೇಶಗಳಿಗೂ ಕೇಳಿದೀವಿ ಮೇಡಂ, ಯಾರೂ ನಮ್ಮದು ಅಂತಿಲ್ಲ" ಎನ್ನುವ ಒಂದೇ ಉತ್ತರ.

ಅಷ್ಟರಲ್ಲಿ ಹೆಲ್ಸಿಂಕಿಯಿಂದ ಕರೆ ಬಂತು. ಆಕಾಶದ ಕಸದ ಬಗ್ಗೆ ಅಲ್ಲೊಂದು ಸಭೆ. ಹಾರಿಸುವ ದೇಶಗಳವರು, ಗಡಿಗೆ ಮಾಡುವವರು, ಎಲ್ಲ ಸೇರುತ್ತಾರಂತೆ. ಹೊಳೆಯುವ ಗಡಿಗೆಯ ಪಕ್ಕ ಅತ್ತೆ ನಿಂತಿದ್ದ ಚಿತ್ರ ಯಾವುದೋ ಪತ್ರಿಕೆಯಲ್ಲಿ ಬಂದದ್ದನ್ನು ಅವರು ನೋಡಿದ್ದರು. ಮನೆಯಿಂದ ಒಬ್ಬರು ಬಂದು ಮಾತಾಡಲಿ, ಖರ್ಚು ನಮ್ಮದು ಎಂದರು. ನನ್ನ ಗಂಡ ಶಂಕ್ರಪ್ಪನವರು ಒಂದು ಕ್ಷಣವೂ ಯೋಚಿಸಲಿಲ್ಲ. "ನೀನೇ ಹೋಗು ಕಣೇ. ನಿಂಗೆ ಇಂಗ್ಲಿಷೂ ಬತ್ತದೆ, ಜಗಳಾನೂ ಬತ್ತದೆ" ಎಂದರು.

ಬೆಂಗಳೂರು ವಿಮಾನ ನಿಲ್ದಾಣ

ಪರವೂರಿಗೆ ಹೋಗುವಾಗ ಬರಿಗೈಲಿ ಹೋಗಬಾರದೆಂದು ಅತ್ತೆ ನನ್ನ ಪೆಟ್ಟಿಗೆಯ ತಳಕ್ಕೆ ಉಂಡೆ ಕೊಬ್ಬರಿ ತುಂಬಿದ್ದರು. ನಮ್ಮ ಅಟ್ಟದ ಮೇಲೆ ವರ್ಷ ಒಣಗಿದ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗುಡುಗುಡು ಎಂದು ಉರುಳುವ ತಿಪಟೂರು ಕೊಬ್ಬರಿ. ಕೊಬ್ಬರಿ ಸೀಮೆಯವರು ಕೊಬ್ಬರಿಯನ್ನಲ್ಲದೆ ಇನ್ನೇನು ಒಯ್ಯಬೇಕು?

ಪೆಟ್ಟಿಗೆ ಒಳಗೆ ಹೋಯಿತು, ಮತ್ತೆ ಹೊರಗೆ ಬಂತು. ಜಯ ಎಂದು ನನ್ನ ಹೆಸರು ಕೂಗಿದರು. ಸಮವಸ್ತ್ರದ ಹೆಂಗಸೊಬ್ಬಳು ಕೊಬ್ಬರಿಯನ್ನು ಬಾಂಬಿನ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಅಲೋ ಇಲ್ಲ ಆಂಟಿ. ಬೇಗ ಬೆಂಕಿ ಹತ್ತಿಕೊಳ್ಳುತ್ತೆ" ಎಂದಳು.

"ನಮ್ಮ ಮನೆಯಲ್ಲಿ ಅಟ್ಟದ ತುಂಬ ಇದೆ. ಒಂದು ದಿನ ಹತ್ತಿಕೊಂಡಿಲ್ಲ."

"ರೂಲ್ಸ್ ಆಂಟಿ."

ಎಣ್ಣೆಯ ಅಂಶ ಜಾಸ್ತಿಯಾದ್ದರಿಂದ ವಿಮಾನದಲ್ಲಿ ಕೊಬ್ಬರಿ ನಿಷಿದ್ಧವೆಂದು ಅವಳು ಗೋಡೆಯ ಮೇಲಿನ ಪಟ್ಟಿ ತೋರಿಸಿದಳು. ವಿಜ್ಞಾನದ ಪ್ರಕಾರ ಸರಿಯೇ. ಆದರೆ ನನಗೆ ವಿಜ್ಞಾನ ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ಆಕಾಶದಿಂದ ಲೋಹದ ಗಡಿಗೆ ನಮ್ಮ ಮರದ ಮೇಲೆ ಬೀಳಬಹುದು, ಅದೇ ತೋಟದ ಒಂದು ಕೊಬ್ಬರಿ ಆಕಾಶಕ್ಕೆ ಏರುವ ಹಾಗಿಲ್ಲ. ಇದು ಯಾವ ಸೀಮೆಯ ನ್ಯಾಯ ಎಂದು ಕೇಳಿದೆ. ಹಿಂದಿದ್ದ ಸಾಲಿನವರು ಗೊಣಗತೊಡಗಿದರು. ಕೊಬ್ಬರಿಯನ್ನು ಕಸ ಗುಡಿಸುತ್ತಿದ್ದ ಹೆಂಗಸಿನ ಮಡಿಲಿಗೆ ಹಾಕಿ ಒಳಗೆ ನಡೆದೆ.

ಹೆಲ್ಸಿಂಕಿ, ಟ್ರಾಮ್ ಕಾಯುವ ಜಾಗ

ವಿಮಾನ ಇಳಿಯುವುದೇ ತಡವಾಯಿತು. ದಿಕ್ಕು ತೋರಿಸುವ ಉಪಗ್ರಹದ ಸಿಗ್ನಲನ್ನು ಈ ಭಾಗದಲ್ಲಿ ಯಾರೋ ಕೆಡಿಸುತ್ತಿದ್ದಾರೆಂದೂ, ಪೈಲಟ್ಟು ಬೇರೆ ವಿಧಾನದಲ್ಲಿ ಇಳಿಸಬೇಕಾಯಿತೆಂದೂ ಪಕ್ಕದ ಸೀಟಿನವರು ಹೇಳಿದರು. ಯಾರು ಕೆಡಿಸುತ್ತಾರೆ ಎಂದು ಕೇಳಿದೆ. ಭುಜ ಹಾರಿಸಿದರು. ಆ ಭುಜ ಹಾರಿಸುವಿಕೆಯನ್ನು ಮುಂದೆ ಮೂರು ದಿನ ನಾನು ಎಷ್ಟು ಸಲ ನೋಡಬೇಕಾಯಿತೆಂದರೆ, ಕೊನೆಗೆ ನನ್ನ ಭುಜವೇ ನೋಯುತ್ತಿತ್ತು.

ಮೇ ತಿಂಗಳು. ನಮ್ಮಲ್ಲಿ ಹೆಂಚು ಕಾದು ಸುಡುವ ಕಾಲ. ಅಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಮೇಲೆ ಶಂಕ್ರಪ್ಪನವರ ಮಫ್ಲರ್ ಸುತ್ತಿಕೊಂಡರೂ ಹಲ್ಲು ಕಟಕಟ ಎನ್ನುತ್ತಿತ್ತು. ಸಭೆಯವರು ನನ್ನ ಜೊತೆಗಿರಲು ಐನೊ ಎನ್ನುವ ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದರು. ನನ್ನ ವಯಸ್ಸೇ. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಡೀ ಜೀವನ ಸದ್ದು ಮಾಡಬೇಡಿ ಎಂದು ಹೇಳಿ ಹೇಳಿ ತಾನೂ ಮಾತು ಬಿಟ್ಟಿದ್ದಳೋ ಏನೋ. ನಾನು ಹತ್ತು ಮಾತು ಕೇಳಿದರೆ ಒಂದಕ್ಕೆ "ಹೌದು" ಎನ್ನುತ್ತಿದ್ದಳು, ಅದನ್ನೂ ಉಸಿರು ಒಳಗೆ ಎಳೆದುಕೊಂಡು. ಮೊದಲ ಸಲ ಕೇಳಿದಾಗ ಎದೆನೋವು ಬಂತೇನೋ ಎಂದು ಗಾಬರಿಯಾಗಿ ಬೆನ್ನು ಸವರಿದೆ. ಅವರು ಹೌದು ಎನ್ನುವುದೇ ಹಾಗಂತೆ.

ಬೆಳಗ್ಗೆ ನಾನೇ ಸಭೆಗೆ ಹೋಗುತ್ತೇನೆಂದು ಜಂಬದಿಂದ ಹೊರಟೆ. ಫೋನಿನ ನಕ್ಷೆ ತೆಗೆದರೆ ನನ್ನ ನೀಲಿ ಚುಕ್ಕಿ ಸಮುದ್ರದ ನಡುವೆ ತೇಲುತ್ತಿತ್ತು. ನಾನು ನಿಂತಿದ್ದದ್ದು ಬೇಕರಿಯ ಮುಂದೆ. ನಾಲ್ಕು ಹೆಜ್ಜೆ ನಡೆದೆ, ಚುಕ್ಕಿ ಇನ್ನಷ್ಟು ಆಳಕ್ಕೆ ಹೋಯಿತು. ಟ್ರಾಮಿಗೆ ಕಾಯುತ್ತಿದ್ದವರನ್ನು ಕೇಳೋಣವೆಂದರೆ ಒಬ್ಬೊಬ್ಬರೂ ಇನ್ನೊಬ್ಬರಿಂದ ಒಂದೊಂದು ಮಾರು ದೂರ, ಹೊಸದಾಗಿ ನೆಟ್ಟ ಸಸಿಗಳ ಹಾಗೆ ಅಂತರ ಬಿಟ್ಟು ನಿಂತಿದ್ದರು. ನಾನು ಹತ್ತಿರ ಹೋದಷ್ಟೂ ಅವರು ನಯವಾಗಿ ಹಿಂದೆ ಸರಿಯುತ್ತಿದ್ದರು. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರನ್ನು ದಾರಿ ಕೇಳಿದರೆ ನಾಲ್ವರು ಹೇಳುತ್ತಾರೆ, ನಾಲ್ಕೂ ಬೇರೆ ಬೇರೆ ದಾರಿ ಎನ್ನುವುದು ಬೇರೆ ಮಾತು. ಕೊನೆಗೆ ಐನೊಗೆ ಫೋನ್ ಮಾಡಿ, ನಾನು ಸಮುದ್ರದಲ್ಲಿದ್ದೇನೆ ಬಾ ಎಂದೆ. ಬಂದಳು. ಇತ್ತೀಚೆಗೆ ಹೀಗಾಗುತ್ತದೆ ಎಂದಳು. ಯಾರು ಮಾಡುತ್ತಾರೆ ಎಂದು ಕೇಳುವಷ್ಟರಲ್ಲಿ ಅವಳ ಭುಜ ಮೇಲೇಳುತ್ತಿರುವುದು ಕಂಡು ಬಾಯಿ ಮುಚ್ಚಿಕೊಂಡೆ.

ದಾರಿಯಲ್ಲಿ ನೀರು ಕುಡಿದು ಖಾಲಿ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದೆ. ಐನೊ ಹೌಹಾರಿ, ಬುಟ್ಟಿಗೆ ಕೈಹಾಕಿ ಅದನ್ನು ಹೊರತೆಗೆದು, ತನ್ನ ಕೈಚೀಲದಲ್ಲಿಟ್ಟುಕೊಂಡಳು. ಅಲ್ಲಿ ಖಾಲಿ ಬಾಟಲಿ ಅಂಗಡಿಗೆ ವಾಪಸ್ ಹೋಗಲೇಬೇಕು. ಗೋಡೆಯಲ್ಲಿ ಒಂದು ಯಂತ್ರವಿದೆ. ಬಾಟಲಿಯನ್ನು ತಿರುಗಿಸಿ ತಿರುಗಿಸಿ, ಅದರ ಗೆರೆಗಳನ್ನು ಓದಿ, ಇದು ಯಾರದ್ದು ಎಂದು ಗುರುತು ಹಿಡಿದು ನುಂಗಿಕೊಂಡು ಚಿಲ್ಲರೆ ಉಗುಳುತ್ತದೆ. ನಾನು ಆ ಯಂತ್ರದ ಮುಂದೆ ನಿಂತೇಬಿಟ್ಟೆ. ಒಂದು ಗುಟುಕು ನೀರಿನ ಬಾಟಲಿಗೆ ಈ ಊರಿನಲ್ಲಿ ವಾರಸುದಾರನಿದ್ದಾನೆ. ನಮ್ಮ ಮರ ಕೊಂದ ಗಡಿಗೆಗೆ ಭೂಮಿಯ ಮೇಲೆ ಒಬ್ಬನೂ ಇಲ್ಲ. ಇದನ್ನು ಐನೊಗೆ ಹೇಳಿದೆ. ಅವಳು ಉಸಿರು ಒಳಗೆಳೆದುಕೊಂಡು "ಹೌದು" ಎಂದಳು.

ಸಭಾಭವನ

ಮೊದಲೆರಡು ದಿನ ಅವರ ಮಾತು ಕೇಳಿದೆ. ಕೇಳಿದ್ದರಲ್ಲಿ ನನಗೆ ತಿಳಿದದ್ದನ್ನು ಮಕ್ಕಳಿಗೆ ಪಾಠ ಹೇಳಿದ ಹಾಗೆ ಹೇಳಿಬಿಡುತ್ತೇನೆ. ಹಿಂದೆ ಒಂದು ದೇಶ ಒಂದು ಉಪಗ್ರಹ ಹಾರಿಸಿದರೆ ಶಾಲೆಯಲ್ಲಿ ಸಿಹಿ ಹಂಚುತ್ತಿದ್ದೆವು. ಈಗ ಒಂದೊಂದು ಕಂಪನಿ ಸಾವಿರಗಟ್ಟಲೆ ಹಾರಿಸುತ್ತಿದೆ, ಹೆಚ್ಚಿನವು ಹಳ್ಳಿಹಳ್ಳಿಗೆ ಇಂಟರ್ನೆಟ್ ಕೊಡುವುದಕ್ಕೆ. ಮೇಲಿನ ದಾರಿ ಕೊಬ್ಬರಿ ಹರಾಜಿನ ದಿನದ ತಿಪಟೂರು ಮಾರುಕಟ್ಟೆಯ ಗೇಟಿನ ಹಾಗಾಗಿದೆ, ಒಂದೇ ವ್ಯತ್ಯಾಸವೆಂದರೆ ಆಕಾಶದಲ್ಲಿ ಯಾರೂ ಬ್ರೇಕು ಹಾಕುವಂತಿಲ್ಲ. ಒಂದಕ್ಕೊಂದು ತಾಗದಂತೆ ಅವು ದಿನವೂ ಪಕ್ಕಕ್ಕೆ ಸರಿಯುತ್ತಿರಬೇಕು. ತಾಗಿದರೆ ಚೂರು, ಆ ಚೂರು ಇನ್ನೊಂದಕ್ಕೆ ತಾಗಿ ಮತ್ತಷ್ಟು ಚೂರು. ನಕ್ಷತ್ರ ನೋಡುವವರು ಬಂದು, ನಮ್ಮ ಚಿತ್ರಗಳ ತುಂಬ ಇವುಗಳದೇ ಗೀರು ಎಂದು ಅತ್ತರು. ಸುಟ್ಟು ಬೀಳುವ ಲೋಹದ ಹೊಗೆ ಮೇಲಿನ ಗಾಳಿಯನ್ನು ಏನು ಮಾಡುತ್ತದೋ ಯಾರಿಗೂ ಸರಿಯಾಗಿ ಗೊತ್ತಿಲ್ಲವೆಂದು ಇನ್ನೊಬ್ಬರು ಹೆದರಿಸಿದರು. ಬಳಸಿ ಮುಗಿದ ರಾಕೆಟ್ಟಿನ ಭಾಗಗಳನ್ನು ಹಿಡಿತದಲ್ಲಿಟ್ಟು ಸಮುದ್ರಕ್ಕೆ ಇಳಿಸಬಹುದಂತೆ. ಅದಕ್ಕೆ ಇಂಧನ ಉಳಿಸಬೇಕು. ಎಲ್ಲರೂ ಉಳಿಸುವುದಿಲ್ಲ.

ಇದೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಉಪಗ್ರಹ ಬೇಡವೆಂದೂ ಹೇಳುವುದಿಲ್ಲ. ಮಳೆ ಯಾವಾಗ ಎಂದು ಶಂಕ್ರಪ್ಪನವರು ದಿನಾ ಫೋನಿನಲ್ಲಿ ನೋಡುವುದೂ ಅವುಗಳ ಪುಣ್ಯದಿಂದಲೇ. ಆದರೆ ಎಲ್ಲರೂ ಮಾತಾಡುತ್ತಿದ್ದದ್ದು ಮುಂದೆ ಬೀಳಬಹುದಾದ್ದರ ಬಗ್ಗೆ. ಬಿದ್ದದ್ದರ ಬಗ್ಗೆ ಮಾತಾಡಲು ಅಲ್ಲಿದ್ದದ್ದು ನಾನೊಬ್ಬಳೇ.

ಎರಡನೆಯ ದಿನದ ಕೊನೆಗೆ ನನ್ನ ಸರದಿ ಬಂತು. ಗಡಿಗೆಯ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ಸಭೆಯೇ ಮುಂದಕ್ಕೆ ಬಗ್ಗಿತು. ಇಷ್ಟು ಹೊಳೆಯುವ ಗಡಿಗೆಯನ್ನು ಅವರು ಯಾರೂ ಕಂಡಿರಲಿಲ್ಲ.

"ಇದನ್ನು ಯಾರು ಸ್ವಚ್ಛ ಮಾಡಿದರು?" ಎಂದು ಒಬ್ಬರು ಕೇಳಿದರು.

"ನಮ್ಮ ಅತ್ತೆ."

"ಯಾವ ರಾಸಾಯನಿಕದಿಂದ?"

"ಬೂದಿ, ಹುಣಸೆಹಣ್ಣು, ತೆಂಗಿನ ನಾರು."

ನಕ್ಕರು. ನಾನು ನಗಲಿಲ್ಲ. ಇನ್ನೊಬ್ಬರ ಪಾತ್ರೆಯನ್ನು ತೊಳೆದು ಕೊಡುವುದು ನಮ್ಮ ಪದ್ಧತಿ, ನಂಬರು ಅಳಿಸಬೇಕೆಂದು ಮಾಡಿದ್ದಲ್ಲ ಎಂದು ಹೇಳಿದೆ. ಆಮೇಲೆ ಬದುವಿನ ಮಾತು ಹೇಳಿದೆ. ನಮ್ಮ ಕಡೆ ತೋಟದ ಪಕ್ಕ ತೋಟ, ನಡುವೆ ಒಂದು ಮಣ್ಣಿನ ಬದು. ಅವರ ಮರದ ಕಾಯಿ ಗಾಳಿಗೆ ನಮ್ಮ ತೋಟದಲ್ಲಿ ಬೀಳುತ್ತದೆ, ನಮ್ಮದು ಅವರಲ್ಲಿ ಬೀಳುತ್ತದೆ. ಬಿದ್ದ ಕಾಯಿಯನ್ನು ಯಾರೂ ಒಳಗೆ ಒಯ್ಯುವುದಿಲ್ಲ. ಎತ್ತಿ ಬದುವಿನ ಮೇಲೆ ಇಡುತ್ತೇವೆ. ಮರದವರು ಬಂದು, ಇದು ನಮ್ಮದು ಎಂದು ತೆಗೆದುಕೊಂಡು ಹೋಗುತ್ತಾರೆ. ಬಿದ್ದ ಕಾಯಿಯಿಂದ ಹೆಂಚು ಒಡೆದಿದ್ದರೆ ಹೆಂಚಿನ ಮಾತೂ ಅಲ್ಲೇ ಆಗುತ್ತದೆ. "ನಿಮ್ಮ ಕಾಯಿ ನಮ್ಮ ತೋಟದಲ್ಲಿ ಬಿದ್ದಿದೆ. ನಾನು ಬದುವಿನ ಮೇಲೆ ತಂದಿಟ್ಟಿದ್ದೇನೆ. ಯಾರದ್ದು ಹೇಳಿ. ದುಡ್ಡು ಕೇಳಲು ಬಂದಿಲ್ಲ. ನಮ್ಮದು ಎಂದು ಒಬ್ಬರು ಹೇಳಿದರೆ ಟೇಪು ಬಿಚ್ಚುತ್ತಾರೆ, ಗೊನೆ ಇಳಿಸಿಕೊಳ್ಳುತ್ತೇವೆ. ಮರ ಒಣಗುತ್ತಿದೆ. ಬಿತ್ತನೆ ಕಾಯಿಯನ್ನು ಹಗ್ಗ ಕಟ್ಟಿ ಇಳಿಸುವವರು ನಾವು. ನೀವು ಇಷ್ಟು ಓದಿದವರು, ಒಂದು ಗಡಿಗೆಯನ್ನು ಹಾಗೆ ಇಳಿಸಲು ಕಲಿಯಲಿಲ್ಲವಲ್ಲ?"

ಚಪ್ಪಾಳೆಯೋ ಚಪ್ಪಾಳೆ. ಎದ್ದು ನಿಂತು ತಟ್ಟಿದರು. ಅಧ್ಯಕ್ಷೆ ಕಣ್ಣೊರೆಸಿಕೊಂಡು, ಎಷ್ಟು ಸುಂದರವಾದ ಸಂಪ್ರದಾಯ ಎಂದರು. ಆಮೇಲೆ ದೇಶದೇಶದವರು ಒಬ್ಬೊಬ್ಬರಾಗಿ ಮೈಕು ಹಿಡಿದರು. ಒಬ್ಬರು, ನಮ್ಮದಲ್ಲವೆಂದು ಹೇಳಲಾರೆವು, ನಮ್ಮದೆಂದು ದೃಢಪಡಿಸಲೂ ಆರೆವು ಎಂದರು. ಮತ್ತೊಬ್ಬರು, ಗುರುತು ಇಲ್ಲದ್ದರಿಂದ ಈ ಹಂತದಲ್ಲಿ ಏನನ್ನೂ ಹೇಳುವುದು ಅವಸರವಾದೀತು ಎಂದರು. ಎಲ್ಲರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟವರೇ. ಕೊನೆಗೆ ಅಧ್ಯಕ್ಷೆ ಗಡಿಯಾರ ನೋಡಿ, ಕಾಫಿಗೆ ಏಳೋಣ ಎಂದರು. ಆ ಜನ ಕುಡಿಯುವ ಕಾಫಿಗೆ ಲೆಕ್ಕವಿಲ್ಲ. ಅದಕ್ಕೆ ಹಾಲಿಲ್ಲ, ರುಚಿಯಿಲ್ಲ, ಆದರೂ ಯಾವ ಕಷ್ಟದ ಪ್ರಶ್ನೆ ಬಂದರೂ ಕಾಫಿಗೆ ಏಳುತ್ತಾರೆ. ಹತ್ತಾರು ಜನ ನನ್ನ ಜೊತೆ ಫೋಟೊ ತೆಗೆಸಿಕೊಂಡರು. ನನಗೆ ಅಳು ಬಂತು. ಅದು ದುಃಖವಲ್ಲ, ಸಿಟ್ಟು.

ಕೋಟು ನೇತುಹಾಕುವ ಕೋಣೆ

ಅಲ್ಲಿ ಯಾವ ಭವನಕ್ಕೆ ಹೋದರೂ ಮೊದಲು ಕೋಟು ಬಿಚ್ಚಿ ಒಂದು ಕೋಣೆಯಲ್ಲಿ ಕೊಡಬೇಕು. ಅವರು ಒಂದು ಬಿಲ್ಲೆ ಕೊಡುತ್ತಾರೆ. ನಾನು ಬಿಲ್ಲೆ ಎಲ್ಲಿಟ್ಟೆನೆಂದು ಹುಡುಕುತ್ತ ನಿಂತಿದ್ದಾಗ, ಎತ್ತರದ ಒಬ್ಬ ಮುದುಕರು ಹತ್ತಿರ ಬಂದರು. ಎದೆಯ ಮೇಲೆ ಅವರ ದೇಶದ ಚೀಟಿ ನೇತಾಡುತ್ತಿತ್ತು. ಯಾವ ದೇಶವೆಂದು ನಾನು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಅವರು. ಮೈಕಿನಲ್ಲಿ "ಅವಸರವಾದೀತು" ಎಂದಿದ್ದ ಗುಂಪಿನಲ್ಲಿ ಕೂತಿದ್ದವರೇ.

ನನ್ನ ಫೋನಿನಲ್ಲಿ ಗಡಿಗೆಯ ಚಿತ್ರ ತೋರಿಸಲು ಹೇಳಿದರು. ಕುತ್ತಿಗೆಯ ಭಾಗವನ್ನು ಬೆರಳಿನಿಂದ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರು. ಆಮೇಲೆ ಸುತ್ತಲೂ ನೋಡಿ, ಬಗ್ಗಿ, ನನ್ನ ಕಿವಿಯ ಹತ್ತಿರ, "ಇದು ನಮ್ಮದು" ಎಂದರು.

"ಹೇಗೆ ಗೊತ್ತು?"

"ಈ ಬೆಸುಗೆ. ನಮ್ಮ ಕಾರ್ಖಾನೆ ಬಿಟ್ಟು ಬೇರೆ ಯಾರೂ ಹೀಗೆ ಹಾಕುವುದಿಲ್ಲ. ಇದರಲ್ಲಿ ವಿಷವಿಲ್ಲ. ಹೀಲಿಯಂ ಇರುತ್ತದೆ."

"ಹೀಲಿಯಂ? ಬಲೂನಿಗೆ ತುಂಬುವ ಗಾಳಿಯೇ?"

"ಅದೇ. ಅದೂ ಯಾವತ್ತೋ ಹೋಗಿರುತ್ತದೆ. ನಿಮ್ಮ ಮರಕ್ಕೆ ಹೀಗಾದದ್ದಕ್ಕೆ ಕ್ಷಮಿಸಿ."

ಕ್ಷಮಿಸಿ ಎಂದು ಆ ತನಕ ಒಬ್ಬರೂ ಹೇಳಿರಲಿಲ್ಲ. ಆದರೂ ಬಿಡದೆ ಹೇಳಿದೆ, "ಸರಿ, ನಾಳೆ ಬೆಳಗ್ಗೆ ಇದನ್ನೇ ಮೈಕಿನಲ್ಲಿ ಹೇಳಿ."

ಅವರು ಎದೆಯ ಮೇಲಿನ ಚೀಟಿಯನ್ನು ಮುಟ್ಟಿ ನೋಡಿಕೊಂಡರು. "ನಾನು ಹೇಳಿದರೆ ದೇಶ ಹೇಳಿದ ಹಾಗಾಗುತ್ತದೆ. ದೇಶ ಹೇಳಿದರೆ, ನಾಳೆ ಎಲ್ಲೆಲ್ಲಿ ಏನೇನು ಬಿದ್ದಿದೆಯೋ ಎಲ್ಲವನ್ನೂ ಹೇಳಬೇಕಾಗುತ್ತದೆ."

"ಹೇಳಿ! ಬಿದ್ದದ್ದನ್ನು ಬಿದ್ದದ್ದು ಎಂದು ಹೇಳಲು ಏನು ಕಷ್ಟ ನಿಮಗೆ?"

ನನ್ನ ದನಿ ಎಷ್ಟು ಏರಿತೆಂದರೆ ಕೋಟು ಕೊಡುವ ಹೆಂಗಸು ತಿರುಗಿ ನೋಡಿದಳು. ಮುದುಕರು ಭುಜ ಹಾರಿಸಲಿಲ್ಲ, ಅಷ್ಟು ಮಾತ್ರ ಅವರ ಪರವಾಗಿ ಹೇಳಬಹುದು. ನನ್ನ ಕಾಲಬಳಿ ಬಿದ್ದಿದ್ದ ಬಿಲ್ಲೆಯನ್ನು ಎತ್ತಿ ಕೈಗಿಟ್ಟು, ತಮ್ಮ ಕೋಟು ಹಾಕಿಕೊಂಡು ಹೋದರು. ಮರುದಿನ ಅವರ ಕುರ್ಚಿ ಖಾಲಿಯಿತ್ತು. ಸಭೆ ಒಂದು ನಿರ್ಣಯ ಮಾಡಿ ಮುಗಿಯಿತು. ಅದರಲ್ಲಿ ನಮ್ಮ ಬದುವಿನ ಮಾತೂ ಒಂದು ಸಾಲು ಸೇರಿತ್ತು, ಗಡಿಗೆಯ ಮಾತಿರಲಿಲ್ಲ.

ಹೋಟೆಲಿನ ಕೋಣೆ

ಕಿವಿಯಲ್ಲಿ ಹೇಳಿದ್ದು ಸಾಹೇಬರಿಗೆ ಸಾಲುವುದಿಲ್ಲವೆಂದು ಗೊತ್ತಿತ್ತು. ಆದರೆ ವಿಷವಿಲ್ಲ ಎಂದು ಮಾಡಿದವರೇ ಹೇಳಿದ ಮೇಲೆ ಇನ್ನೇನು? ಇಷ್ಟು ವರ್ಷ ಮಕ್ಕಳಿಗೆ ನಿಯಮ ಪಾಲಿಸಿ ಎಂದು ಹೇಳಿದವಳು ನಾನು. ಹಾಳಾಗಿ ಹೋಗಲಿ ನಿಯಮ ಎಂದು ಮನೆಗೆ ಫೋನ್ ಮಾಡಿದೆ.

"ರೀ, ಅದರಲ್ಲಿ ವಿಷ ಇಲ್ವಂತೆ. ಬರೀ ಬಲೂನ್ ಗಾಳಿ. ಈಗ್ಲೇ ಆಳನ್ನ ಕರ್ಸಿ. ಟೇಪ್ ಕಿತ್ತಾಕಿ, ಗೊನೆ ಇಳಿಸಿ."

ಆ ಕಡೆ ಶಂಕ್ರಪ್ಪನವರು ಕೆಮ್ಮಿದರು. "ಅದು... ಇಳಿಸಾಯ್ತು ಕಣೇ."

"ಯಾವಾಗ?"

"ನೀನು ಬೆಂಗ್ಳೂರಿಗೆ ಕಾರು ಹತ್ತಿದ್ಯಲ್ಲ, ಅವತ್ತೇ. ಕಾರು ತಿರುವು ದಾಟ್ತಿದ್ದಂಗೆ ಅವ್ವ ಕುಡ್ಗೋಲು ತಗಂಡು ಹೋಗಿ ಟೇಪ್ ಕುಯ್ದಾಕ್ಬಿಟ್ಲು. ಕಾಯಿ ಕೀಳೋ ತಿಮ್ಮಣ್ಣನ್ನ ಹತ್ತುಸಿ, ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸ್ದೋ. ಒಂದು ಕಾಯಿಗೂ ಪೆಟ್ಟಾಗಿಲ್ಲ."

ನಾನು ಮಂಚದ ಮೇಲೆ ಕೂತೆ. "ಮೇಲೆ ಹತ್ತುವಾಗ ಮರ ಮುರಿದಿದ್ರೆ? ಕೈಗೆ ವಿಷ ಹತ್ತಿದ್ರೆ?"

"ನಾನೂ ಅದನ್ನೇ ಕೇಳ್ದೆ. ವಿಷ ಇದ್ದಿದ್ರೆ ಗಡಿಗೆ ಬೆಳಗ್ದಾಗ್ಲೇ ಸಾಯ್ತಿದ್ದೆ ಬುಡು ಅಂದ್ಲು. ತಿಮ್ಮಣ್ಣನೂ ಹೂಂ ಅಂದ."

"ಮತ್ತೆ ನಾನು ದಿನಾ ಫೋನ್ ಮಾಡ್ದಾಗ ಯಾಕೆ ಹೇಳ್ಲಿಲ್ಲ?"

"ಅವ್ವ ಬ್ಯಾಡ ಅಂದ್ಲು. ಗೊನೆ ಇಳೀತು ಅಂತ ಗೊತ್ತಾದ್ರೆ ಜಯ ಅಲ್ಲಿ ಜಗಳ ಆಡಲ್ಲ, ಫೋಟೊ ತೆಗುಸ್ಕಂಡು ಬತ್ತಾಳೆ ಅಷ್ಟೇ ಅಂದ್ಲು."

ಫೋನ್ ಇಟ್ಟು ಕಿಟಕಿಯಾಚೆ ನೋಡಿದೆ. ಊಟದ ಹೊತ್ತು ಮೀರಿದ್ದರೂ ಅಲ್ಲಿ ಸೂರ್ಯ ಮುಳುಗಿರಲಿಲ್ಲ. ಆ ಊರಿನ ಸೂರ್ಯನಿಗೂ ಮನೆಗೆ ಹೋಗುವ ಬುದ್ಧಿಯಿಲ್ಲ ಎಂದು ಪರದೆ ಎಳೆದುಕೊಂಡು ಮಲಗಿದೆ.

ತೋಟದ ಬದು

ಬಂದ ದಿನ ಕೈಕಾಲು ತೊಳೆಯುವ ಮೊದಲೇ ತೋಟಕ್ಕೆ ಹೋದೆ. ತಾಯಿಮರವನ್ನು ಕಡಿಸಿದ್ದರು. ಅದರ ಮೋಟಿನ ಪಕ್ಕದಲ್ಲಿ, ಬಾಳೆಯ ನೆರಳಿನಲ್ಲಿ ಸಸಿಮಡಿ ಮಾಡಿ ಕಾಯಿಗಳನ್ನು ಸಾಲಾಗಿ ಹೂತಿದ್ದರು. ಗಡಿಗೆ ಅಲ್ಲಿರಲಿಲ್ಲ. ಅದನ್ನು ಅತ್ತೆ ಉರುಳಿಸಿಕೊಂಡು ಹೋಗಿ, ರಸ್ತೆ ಪಕ್ಕದ ಬದುವಿನ ಮೇಲೆ ಇಡಿಸಿದ್ದರು. ನಾನು ಹೆಲ್ಸಿಂಕಿಯಲ್ಲಿ ಬದುವಿನ ಮೇಲೆ ತಂದಿಟ್ಟಿದ್ದೇನೆ ಎಂದು ಬಾಯಿಮಾತಿಗೆ ಹೇಳುವಾಗ ಅದು ನಿಜವಾಗಿಯೂ ಬದುವಿನ ಮೇಲೆ ಕೂತಿತ್ತು. ಸಾಹೇಬರು ಬಂದು ನೋಡಿ, ಬಹಳ ಯೋಚಿಸಿ, ಟೇಪನ್ನು ಗಡಿಗೆಯ ಸುತ್ತಲೇ ಕಟ್ಟಬೇಕೆಂದು ನಿಯಮ ಇರುವುದರಿಂದ, ಬದುವಿನ ಮೇಲೆಯೇ ಎರಡು ಗೂಟ ನೆಟ್ಟು ಹೊಸ ಟೇಪು ಕಟ್ಟಿಸಿ ಹೋಗಿದ್ದಾರೆ.

ಹತ್ತಿರ ಹೋಗಿ ನೋಡಿದರೆ ಗಡಿಗೆಯ ಹರಿದ ಬಾಯಿಯೊಳಗೆ ಮಣ್ಣು ತುಂಬಿತ್ತು. ಮಣ್ಣಿನಲ್ಲಿ ತಾಯಿಮರದ ಒಂದು ಕಾಯಿ ಅರ್ಧ ಹೂತು ಕೂತಿತ್ತು.

"ಇದೇನತ್ತೆ?"

"ಇನ್ನೊಬ್ರ ಪಾತ್ರೆ ಖಾಲಿ ಕೊಡಬಾರ್ದು ಕಣವ್ವ."

ನನಗೆ ರೇಗಿಹೋಯಿತು. ಮರ ಕೊಂದವರಿಗೆ ಉಡುಗೊರೆಯೇ? ಅಷ್ಟು ದೂರ ಹೋಗಿ, ಗಂಟಲು ಹರಿದುಕೊಂಡು, ನಮ್ಮದು ಎಂದು ಹೇಳಿ ಎಂದು ಬೇಡಿದರೆ ಒಬ್ಬನೂ ಹೇಳಲಿಲ್ಲ, ಒಬ್ಬ ಕಳ್ಳನ ಹಾಗೆ ಕಿವಿಯಲ್ಲಿ ಹೇಳಿ ಓಡಿಹೋದ, ಅಂಥವರಿಗೆ ನಮ್ಮ ಬಿತ್ತನೆ ಕಾಯಿಯೇ ಎಂದು ಕೂಗಾಡಿದೆ. ಅತ್ತೆ, "ಕಿವೀಲಾದ್ರೂ ಹೇಳುದ್ನಲ್ಲ, ಪಾಪ" ಎಂದರು. ನನಗೆ ಇನ್ನಷ್ಟು ಸಿಟ್ಟು ಬಂತು.

ಈಗ ಗೌರಿಹಬ್ಬ ಹತ್ತಿರ ಬಂದಿದೆ. ಮಳೆ ಪರವಾಗಿಲ್ಲ. ಮಡಿಯ ಕಾಯಿಗಳಲ್ಲಿ ಹೆಚ್ಚಿನವು ಮೊಳೆತಿವೆ. ಒಂದನ್ನು ತಾಯಿಮರದ ಜಾಗದಲ್ಲೇ ಇಡಲು ಗುಂಡಿ ತೋಡಿಸಿದ್ದೇವೆ. ಗಡಿಗೆಯ ಕಾಯಿಯೂ ಮೊಳೆತು ಒಂದು ಗೇಣು ಎತ್ತರದ ಹಸಿರು ಗರಿ ಬಿಟ್ಟಿದೆ. ಬಿಳಿಗೆರೆಯ ಕಡೆ ಹೋಗಿಬರುವವರು ಗಾಡಿ ನಿಲ್ಲಿಸಿ ನೋಡುತ್ತಾರೆ. ಕೇಳಿಕೊಂಡು ಯಾವ ದೇಶದವರೂ ಬಂದಿಲ್ಲ.

ನಿನ್ನೆ ಅತ್ತೆ ಟೇಪಿನ ಮೇಲಿಂದ ಬಗ್ಗಿ ಅದಕ್ಕೆ ನೀರು ಹಾಕುತ್ತಿದ್ದರು. ಗಡಿಗೆಯ ಹರಿದ ಅಂಚಿನಿಂದ ಒಂದು ಬಿಳಿ ಬೇರು ಹೊರಗೆ ಇಣುಕಿ ಬದುವಿನ ಮಣ್ಣನ್ನು ಹುಡುಕುತ್ತಿರುವುದನ್ನು ನನಗೆ ತೋರಿಸಿ, ಚೊಂಬು ಕೆಳಗಿಟ್ಟು ಹೇಳಿದರು:

"ಆ ನಿನ್ನ ಮುದುಕುಂಗೆ ಫೋನ್ ಮಾಡು ಕಣವ್ವ. ಬರೋದಾದ್ರೆ ಬಿರ್ನೆ ಬರ್ಲಿ. ಬೇರು ನೆಲ ಹಿಡ್ಕಂಡ್ರೆ ಆಮ್ಯಾಕೆ ಇದು ನಮ್ದೇ."